ಸುತ್ತೋಲೆ ಮೀಮಾಂಸೆ

ಬೃಹತ್ ಕಂಪನಿಗಳಲ್ಲಿ ಬದಲಾವಣೆಯನ್ನು ನಿಭಾಯಿಸುವ ಮತ್ತು ಅದರ ಸುದ್ದಿಯನ್ನು ಉದ್ಯೋಗಿಗಳಿಗೆ ಮುಟ್ಟಿಸುವ ವಿದ್ಯೆಯನ್ನು ಪಾಶ್ಚಾತ್ಯ ಪಂಡಿತರು ಆಡಳಿತ ವಿಜ್ಞಾನದ ಒಂದು ಶಾಖೆಯೆಂದು ಗಣಿಸಿದ್ದಾರಾದರೂ, ಅದರ ಮೂಲಪಠ್ಯವಾದ ಸುತ್ತೋಲೆಯನ್ನು ಪರಿಶೀಲಿಸಿದವರಿಗೆ ಅದು ಅಲಂಕಾರಶಾಸ್ತ್ರಕ್ಕೆ, ಅದರಲ್ಲೂ ಆನಂದವರ್ಧನನ ಧ್ವನಿಪ್ರಸ್ಥಾನಕ್ಕೆ ಸೇರಬೇಕಾದುದೆಂಬುದು ತಾನಾಗಿಯೇ ಮನದಟ್ಟಾಗುತ್ತದೆ. ಏಕೆಂದರೆ ಇಲ್ಲಿ ವಾಚ್ಯಾರ್ಥಕ್ಕೆ, ಅಂದರೆ ಪದಗಳು ನೇರವಾಗಿ ಹೇಳುವ ಮಾತಿಗೆ, ಬೆಲೆಯೇ ಇಲ್ಲ. 'ಸಂಸ್ಥೆಯನ್ನು ಇನ್ನಷ್ಟು ಚುರುಕುಗೊಳಿಸಲಾಗುತ್ತಿದೆ' ಎಂಬ ವಾಕ್ಯದ ವಾಚ್ಯಾರ್ಥ ಚುರುಕು, ಲಕ್ಷ್ಯಾರ್ಥ ಖರ್ಚಿನ ಕಡಿತ, ವ್ಯಂಗ್ಯಾರ್ಥ ಓದುತ್ತಿರುವವನ ಕುರ್ಚಿ. ಈ ಮೂರನೆಯ ಅರ್ಥವನ್ನು ಮೊದಲ ಓದಿಗೇ ಹಿಡಿಯಬಲ್ಲವನು ಸಹೃದಯ. ನಾಲ್ಕಾರು ಪುನಾರಚನೆಗಳನ್ನು ದಾಟಿ ಬಂದ ಯಾವ ಉದ್ಯೋಗಿಯೂ ಈ ಪದವಿಗೆ ಅರ್ಹನೇ.

ಈ ಪ್ರಕಾರದ ಅತಿ ಪ್ರಾಚೀನ ಮಾದರಿಗಳಲ್ಲೊಂದು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿದ್ದು, ಅದನ್ನು 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದರು. ಅಶೋಕನ ಈ ಕಿರುಶಾಸನವು ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಹಾಗೂ ಮಹಾಮಾತ್ರರ ಮಾತಿನ ಮೇರೆಗೆ ಇಸಿಲದ ಮಹಾಮಾತ್ರರಿಗೆ ಹೊರಟದ್ದರಿಂದ, ಪ್ರಧಾನ ಕಚೇರಿಯಿಂದ ಪ್ರಾದೇಶಿಕ ಕಚೇರಿಗೆ, ಅಲ್ಲಿಂದ ಶಾಖೆಗೆ ಎಂಬ ಇಳಿಜಾರು ಕ್ರಿ.ಪೂ. 3ನೇ ಶತಮಾನದಲ್ಲಿಯೇ ಸಿದ್ಧವಾಗಿತ್ತೆಂದು ತಿಳಿಯುತ್ತದೆ. ವಿಷಯಕ್ಕೆ ಬರುವ ಮೊದಲು ಅದು ಇಸಿಲದವರ ಆರೋಗ್ಯವನ್ನು ಹಾರೈಸುತ್ತದೆ. ಇಂದಿನ ಸುತ್ತೋಲೆಗಳು 'ತಾವೆಲ್ಲರೂ ಕ್ಷೇಮವೆಂದು ಭಾವಿಸುತ್ತೇವೆ' ಎಂದು ತೊಡಗುವುದಕ್ಕೆ ಇದಕ್ಕಿಂತ ಗಟ್ಟಿಯಾದ ಆಧಾರ ಬೇಕಿಲ್ಲ. ಕೊನೆಯಲ್ಲಿ ಲಿಪಿಕಾರ ಚಪಡನು ತನ್ನ ಹುದ್ದೆಯನ್ನು ಮಾತ್ರ ಆ ಸೀಮೆಗೆ ಪರಕೀಯವಾದ ಖರೋಷ್ಠಿ ಲಿಪಿಯಲ್ಲಿ ಕೆತ್ತಿರುವುದನ್ನು, ಮೇಲ್‌ಗಳ ಅಡಿಯಲ್ಲಿ ಯಾರೂ ಓದದೆ ಬಿಡುವ ಕಾನೂನು ಟಿಪ್ಪಣಿಯ ಪೂರ್ವರೂಪವೆಂದು ಧಾರಾಳವಾಗಿ ಊಹಿಸಬಹುದು. ಆದರೆ ಶಾಸನದಲ್ಲೊಂದು ದೋಷವಿದೆ. ಬದಲಾಗಬೇಕಾದವರ ಸಾಲಿನಲ್ಲಿ ಅಶೋಕನು ಮೊದಲು ತನ್ನನ್ನೇ ನಿಲ್ಲಿಸಿಕೊಂಡು, ಉಪಾಸಕನಾಗಿ ಎರಡೂವರೆ ವರ್ಷ ಮೀರಿದ್ದರೂ ಆರಂಭದಲ್ಲಿ ತಾನು ಹೆಚ್ಚು ಶ್ರಮಿಸಲಿಲ್ಲವೆಂದು ಬಂಡೆಗಲ್ಲಿನ ಮೇಲೆ ಒಪ್ಪಿಕೊಂಡಿದ್ದಾನೆ. ಮುಂದಿನ ಸುತ್ತೋಲೆಕಾರರು ಈ ದೋಷವನ್ನು ಸಂಪೂರ್ಣವಾಗಿ ನಿವಾರಿಸಿದರು.

ಆಧುನಿಕ ಆಚಾರ್ಯರಲ್ಲಿ ಕರ್ಟ್ ಲೆವಿನ್ ಅಗ್ರಗಣ್ಯರು. ಗುಂಪಿನ ರೂಢಿಯನ್ನು ಮೊದಲು ಕರಗಿಸಿ, ಬೇಕಾದ ಕಡೆಗೆ ಸರಿಸಿ, ಆಮೇಲೆ ಪುನಃ ಹೆಪ್ಪುಗಟ್ಟಿಸಬೇಕೆಂಬ ಅವರ ಮೂರು ಮೆಟ್ಟಿಲಿನ ವಾದ 1947ರಲ್ಲಿ ಪ್ರಕಟವಾಯಿತು. ಬೆಂಗಳೂರಿನ ಹೊರವರ್ತುಲ ರಸ್ತೆಯ ಕಂಪನಿಗಳು ಇದರಲ್ಲಿ ಮೂರನೆಯ ಮೆಟ್ಟಿಲನ್ನು ಅನವಶ್ಯಕವೆಂದು ಕೈಬಿಟ್ಟಿವೆ. ಯಾರು ಯಾರಿಗೆ ವರದಿ ಮಾಡಬೇಕೆಂಬ ಹೊಸ ನಕ್ಷೆ ಎಲ್ಲರಿಗೂ ಅರ್ಥವಾಗುವಷ್ಟರಲ್ಲಿ ಹೊಸ ಉಪಾಧ್ಯಕ್ಷರೊಬ್ಬರು ಆಗಮಿಸುವುದರಿಂದ, ಹಾಲು ಹೆಪ್ಪಾಗುವ ಮೊದಲೇ ಕಡೆಗೋಲು ಇಳಿದಿರುತ್ತದೆ. ಹಾರ್ವರ್ಡಿನ ಜಾನ್ ಕಾಟರ್ 1996ರ ತಮ್ಮ ಗ್ರಂಥದಲ್ಲಿ ಎಂಟು ಹೆಜ್ಜೆಗಳನ್ನು ವಿಧಿಸಿ, ತುರ್ತಿನ ಭಾವವನ್ನು ಹುಟ್ಟಿಸುವುದನ್ನು ಮೊದಲನೆಯದಾಗಿ ಇಟ್ಟರು. ಕಂಪನಿಗಳು ಆ ಮೊದಲ ಹೆಜ್ಜೆಯನ್ನೇ ಎಂಟು ಸಲ ಇಡುತ್ತವೆ. ಇನ್ನು ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಒಪ್ಪಿಗೆ ಎಂಬ ಪಂಚಾವಸ್ಥೆಗಳನ್ನು ಎಲಿಸಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ವಿವರಿಸಿದ್ದು ಸಾವಿನ ಸಮೀಪದಲ್ಲಿದ್ದ ರೋಗಿಗಳನ್ನು ಮಾತನಾಡಿಸಿದ ಮೇಲೆ. ಇದೇ ಪಟ್ಟಿ ಇಂದು ಬದಲಾವಣೆಯ ತರಬೇತಿಗಳಲ್ಲಿ ಬಣ್ಣದ ಗೆರೆಯಾಗಿ ಮೂಡುತ್ತಿರುವುದಕ್ಕೆ ಯಾವ ಉದ್ಯೋಗಿಯೂ ಆಕ್ಷೇಪಿಸಿಲ್ಲವೆಂಬುದು, ಹೋಲಿಕೆ ತಕ್ಕದ್ದೇ ಎಂಬುದನ್ನು ಸೂಚಿಸುತ್ತದೆ.

ಸುತ್ತೋಲೆಯೊಳಗೆ ಸುದ್ದಿಯ ಸ್ಥಾನ ಯಾವುದೆಂಬುದು ಈ ಶಾಸ್ತ್ರದ ಜಟಿಲ ಪ್ರಶ್ನೆ. 2014ರ ಜುಲೈಯಲ್ಲಿ ಮೈಕ್ರೋಸಾಫ್ಟ್‌ನ ಸ್ಟೀಫನ್ ಎಲೊಪ್ ಹೊರಡಿಸಿದ ಪತ್ರವು ಹೊಸ ಪರಿಚಯದವರನ್ನು ಕರೆಯುವಂಥ ಸಲುಗೆಯ ನಮಸ್ಕಾರದಿಂದ ತೊಡಗಿ, ಫೋನುಗಳ ಮುಂದಿನ ತಂತ್ರವನ್ನು ಪ್ಯಾರಾ ಮೇಲೆ ಪ್ಯಾರಾ ಬಣ್ಣಿಸಿ, ಅವೆಲ್ಲವುಗಳ ಕೆಳಗೆ ಸುಮಾರು 12,500 ಹುದ್ದೆಗಳು ಹೋಗಲಿವೆ ಎಂಬುದನ್ನು ಇರಿಸಿತ್ತು. ಇದನ್ನು ಪತ್ರಿಕೆಗಳು ಗೇಲಿ ಮಾಡಿದ್ದು ರಸಜ್ಞತೆಯ ಅಭಾವದಿಂದ. ರಸಭಾವಗಳಿಗೆ ಯಾವ ಅವಕಾಶವನ್ನೂ ಕೊಡದೆ ವಿಷಯವನ್ನು ಮೊದಲೇ ಹೇಳಿಬಿಡುವ ಒರಟು ಪದ್ಧತಿ ಭಾರತದಲ್ಲೂ ಇತ್ತೆಂಬುದನ್ನು ಅವು ಗಮನಿಸಲಿಲ್ಲ. ಲೆವಿನ್ನರ ವಾದ ಬಂದ ಅದೇ 1947ರ ಕೈಗಾರಿಕಾ ವಿವಾದ ಕಾಯ್ದೆಯ 9ಎ ಕಲಮು, ಕೂಲಿ, ಪಾಳಿ, ರಜೆ ಮೊದಲಾದವುಗಳಲ್ಲಿ ಏನನ್ನು ಬದಲಿಸುವುದಿದ್ದರೂ ಕಾರ್ಮಿಕರಿಗೆ 21 ದಿನ ಮುಂಚಿತವಾಗಿ ನೋಟಿಸ್ ಕೊಡಬೇಕೆಂದು ವಿಧಿಸಿತ್ತು. ಅಂಥ ನೋಟಿಸಿನಲ್ಲಿ ಬದಲಾವಣೆ ಯಾವುದೆಂದು ಬರೆದಿರುತ್ತಿತ್ತು. ಪಯಣ, ಕನಸು, ಕುಟುಂಬ ಎಂಬ ಪದಗಳು ಅದರಲ್ಲಿ ಇರುತ್ತಿರಲಿಲ್ಲ.

ಸುತ್ತೋಲೆಯಿಂದ ಸುದ್ದಿ ತಿಳಿಯುವುದಿಲ್ಲವೆಂಬ ಆಕ್ಷೇಪವೊಂದುಂಟು. ಇದು ಅಜ್ಞಾನಮೂಲವಾದದ್ದು, ಏಕೆಂದರೆ ಸುದ್ದಿಯನ್ನು ತಿಳಿಸುವ ಹೊಣೆ ಸುತ್ತೋಲೆಯದಲ್ಲವೇ ಅಲ್ಲ. ಮೂರನೆಯ ಮಹಡಿ ಖಾಲಿಯಾಗಲಿದೆಯೆಂಬುದು ಮೊದಲು ತಿಳಿಯುವುದು ಕ್ಯಾಂಟೀನ್ ಗುತ್ತಿಗೆದಾರನಿಗೆ. ಮುಂದಿನ ತಿಂಗಳಿನಿಂದ ಮಧ್ಯಾಹ್ನದ ಊಟವನ್ನು ಇಷ್ಟು ಕಡಿಮೆ ಮಾಡಬೇಕೆಂದು ಅವನಿಗೆ ಹೇಳದಿದ್ದರೆ ಅನ್ನ ಮಿಕ್ಕಿ ಬಿಲ್ಲು ಕಂಪನಿಯ ಮೇಲೆಯೇ ಬೀಳುತ್ತದೆ. ಎರಡನೆಯದಾಗಿ ಕ್ಯಾಬ್ ಚಾಲಕರಿಗೆ, ರಾತ್ರಿಪಾಳಿಯ ಪಿಕಪ್ ಪಟ್ಟಿ ಗಿಡ್ಡವಾದಾಗ. ಮೂರನೆಯದಾಗಿ ಹೌಸ್‌ಕೀಪಿಂಗ್‌ನವರಿಗೆ, ಕುರ್ಚಿಗಳ ಬೆನ್ನಿಗೆ ನಂಬರಿನ ಚೀಟಿ ಅಂಟಿಸುವ ಕೆಲಸ ಬಂದಾಗ. ಗೇಟಿನಾಚೆಯ ಟೀ ಅಂಗಡಿಯಲ್ಲಿ ಈ ಮೂರು ಧಾರೆಗಳು ಕೂಡುತ್ತವೆ. ಅಲ್ಲಿ ಅರ್ಧ ಟೀ ಹೀರುತ್ತ ನಿಂತ ಟೀಮ್ ಲೀಡ್‌ನನ್ನು 'ಏನ್ ಸಾರ್, ನಿಮ್ಮ ಬ್ಲಾಕ್ ಎತ್ತುತ್ತಾರಂತೆ, ಹೌದಾ?' ಎಂದು ಅಂಗಡಿಯವನು ಕೇಳುವ ಹೊತ್ತಿಗೆ, ಸುತ್ತೋಲೆಯ ಕರಡು ಇನ್ನೂ ಕಾನೂನು ವಿಭಾಗದಲ್ಲಿ ಅಲ್ಪವಿರಾಮಗಳ ಪರಿಶೀಲನೆಗೆ ಒಳಗಾಗಿರುತ್ತದೆ. ಆದ್ದರಿಂದ ಸುತ್ತೋಲೆಯ ಪ್ರಯೋಜನ ಜ್ಞಾನವಲ್ಲ, ಪ್ರತ್ಯಭಿಜ್ಞೆ. ಮೊದಲೇ ಗೊತ್ತಿದ್ದುದನ್ನು ಸಹಿಯ ಸಮೇತ ಗುರುತಿಸಿಕೊಳ್ಳುವುದು.

ಸುತ್ತೋಲೆಯ ಬೆನ್ನಿಗೇ ನಡೆಯುವ ಸಭಾವಿಶೇಷಕ್ಕೆ ಟೌನ್‌ಹಾಲ್ ಎಂದು ಹೆಸರು. ಬೆಂಗಳೂರಿನ ಪುಟ್ಟಣ್ಣ ಚೆಟ್ಟಿ ಪುರಭವನದ ಮೆಟ್ಟಿಲುಗಳ ಮೇಲೆ ದಶಕಗಳ ಕಾಲ ಜನ ಧಿಕ್ಕಾರ ಕೂಗಿದ್ದನ್ನು ಕಂಡವರು ಇದನ್ನೂ ಅಂಥದ್ದೇ ಎಂದು ಎಣಿಸಬಾರದು. ಇಲ್ಲಿ ಎಲ್ಲರೂ ಮ್ಯೂಟ್‌ನಲ್ಲಿರುತ್ತಾರೆ. ಪ್ರಶ್ನೆಗಳನ್ನು ಮುಂಚಿತವಾಗಿ ಬರೆದು ಕಳಿಸಿ ಮತ ಹಾಕುವ ಏರ್ಪಾಡಿದ್ದು, ಅತಿ ಹೆಚ್ಚು ಮತ ಗಳಿಸಿದ ಪ್ರಶ್ನೆಯ ಸರದಿ ಬರುವ ಕ್ಷಣಕ್ಕೆ ಸರಿಯಾಗಿ ಸಮಯಾಭಾವ ಉಂಟಾಗುತ್ತದೆ.

ಉಳಿದಿರುವುದು ವಿದ್ವಾಂಸರಲ್ಲಿ ಇನ್ನೂ ಚರ್ಚೆಯಲ್ಲಿರುವ ಒಂದು ಸೂಕ್ಷ್ಮ. ಸುತ್ತೋಲೆಯ ಕೊನೆಯ ಸಾಲು 'ನಿಮ್ಮ ಅಭಿಪ್ರಾಯ ನಮಗೆ ಅತ್ಯಮೂಲ್ಯ' ಎಂದಿರುತ್ತದೆ. ಅದರ ಕೆಳಗೇ, ಸಣ್ಣಕ್ಷರದಲ್ಲಿ, ಈ ವಿಳಾಸಕ್ಕೆ ಉತ್ತರಿಸಬಾರದು, ಬಂದ ಮೇಲ್‌ಗಳನ್ನು ಯಾರೂ ನೋಡುವುದಿಲ್ಲ ಎಂಬ ಸೂಚನೆಯಿರುತ್ತದೆ. ಎರಡು ವಾಕ್ಯಗಳೂ ಪರಸ್ಪರ ವಿರುದ್ಧವಾದ್ದರಿಂದ ಒಂದು ಪ್ರಕ್ಷಿಪ್ತವಾಗಿರಲೇಬೇಕೆಂಬುದು ಪೂರ್ವಪಕ್ಷ. ಸಿದ್ಧಾಂತವಾದರೋ ಹೀಗಿದೆ: ಅಭಿಪ್ರಾಯವು ಅಮೂಲ್ಯವೆಂದು ಹೇಳಿರುವುದು ನಿಜ, ಅದು ಕಂಪನಿಯನ್ನು ತಲುಪಬೇಕೆಂದು ಎಲ್ಲಿಯೂ ಹೇಳಿಲ್ಲ, ಅಮೂಲ್ಯ ವಸ್ತುಗಳನ್ನು ಅವುಗಳ ಒಡೆಯರೇ ಜೋಪಾನವಾಗಿ ಇಟ್ಟುಕೊಳ್ಳುವುದು ಲೋಕರೂಢಿ.