ಬೆಳಿಗ್ಗೆ ಸುತ್ತೋಲೆ, ಸಂಜೆ ತಿದ್ದೋಲೆ

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜು ನೋಡಿದ್ದೀರಾ? 15 ಕೆಜಿ ಬಾಕ್ಸು 2023ರ ಜುಲೈನಲ್ಲಿ 2,000 ರೂಪಾಯಿ ದಾಟಿತ್ತು. ಕಿತ್ತ ಕೂಲಿಯೂ ಹುಟ್ಟದೆ ಅದೇ ಹಣ್ಣನ್ನು ರಸ್ತೆ ಪಕ್ಕ ಸುರಿದು ಹೋದ ವರ್ಷಗಳೂ ಇವೆ. ರೈತ ಬೈಯುತ್ತಾನೆ, ಹಣೆ ಚಚ್ಚಿಕೊಳ್ಳುತ್ತಾನೆ, ಮರುದಿನ ಮತ್ತೆ ಅದೇ ಮಂಡಿಗೆ ಗಾಡಿ ತಿರುಗಿಸುತ್ತಾನೆ. ಕೂಗುವವನು ರೇಟಿನ ಜೊತೆ ಒಂದು ಮಾತು ಸೇರಿಸಿರುತ್ತಾನೆ: "ಮದನಪಲ್ಲಿ ಮಾಲು ಬಿದ್ದಿದೆ ಕಣಣ್ಣಾ, ನಿನ್ನೆ ರೇಟು ಮರೆತುಬಿಡು." ನಿನ್ನೆ ಎಷ್ಟಿತ್ತು, ಇವತ್ತು ಎಷ್ಟು, ಯಾಕೆ ಬಿತ್ತು, ಮೂರೂ ಒಂದೇ ಉಸಿರಿನಲ್ಲಿ.

ಕೊರೊನಾ ಕಾಲದಲ್ಲಿ ನಮಗೆ ಬುದ್ಧಿ ಹೇಳಿದವರಿಗೆ ಈ ಉಸಿರು ಸಾಲಲಿಲ್ಲ.

2020ರ ಮಾರ್ಚಿನಲ್ಲಿ ಹೇಳಿದರು: ಆರೋಗ್ಯವಂತರಿಗೆ ಮಾಸ್ಕು ಬೇಡ, ಕೆಮ್ಮು ಜ್ವರ ಇದ್ದವರು, ರೋಗಿಯನ್ನು ನೋಡಿಕೊಳ್ಳುವವರು ಹಾಕಿದರೆ ಸಾಕು. ಏಪ್ರಿಲ್ ಮೊದಲ ವಾರದಲ್ಲಿ ದೆಹಲಿಯವರು ಮನೆಯಲ್ಲೇ ಬಟ್ಟೆ ಹೊಲಿದುಕೊಂಡು ಮುಖ ಮುಚ್ಚಿಕೊಳ್ಳಿ ಎಂದರು. ವಿಶ್ವ ಆರೋಗ್ಯ ಸಂಸ್ಥೆ ಆ ಮಾತಿಗೆ ಬರುವಷ್ಟರಲ್ಲಿ ಜೂನ್ 5 ಆಗಿತ್ತು. ಬದಲಾಗಲು ಕಾರಣ ಇತ್ತು. ಇದ್ದ ಮಾಸ್ಕು ಡಾಕ್ಟರು, ನರ್ಸುಗಳಿಗೇ ಸಾಲುತ್ತಿರಲಿಲ್ಲ. ಕೆಮ್ಮದವರಿಂದಲೂ ರೋಗ ಹರಡುತ್ತದೆಂಬುದು ಖಚಿತವಾಗಲು ಸಮಯ ಹಿಡಿಯಿತು. "ಸ್ವಾಮಿ, ಮಾಸ್ಕು ಆಸ್ಪತ್ರೆಯವರಿಗೆ ಬಿಡಿ, ನೀವು ಟವೆಲ್ಲು ಕಟ್ಟಿಕೊಳ್ಳಿ" ಎಂದಿದ್ದರೆ ಮುಳಬಾಗಿಲಿನ ರೈತ ಹೆಗಲ ಮೇಲಿನ ಟವೆಲ್ಲನ್ನು ಮೂಗಿಗೆ ಏರಿಸುತ್ತಿದ್ದ. ತೋಟಕ್ಕೆ ಔಷಧಿ ಹೊಡೆಯುವಾಗ ಅವನು ಮಾಡುವುದೇ ಅದು. ಅವನಿಗೆ ಸಿಕ್ಕಿದ್ದು ಮೊದಲು ಬೇಡ, ಆಮೇಲೆ ಬೇಕು, ಆಮೇಲೆ ದಂಡ.

ದಂಡದ ಮಟ್ಟಿಗೆ ಸರ್ಕಾರ ಮಂಡಿಯ ಪದ್ಧತಿಯನ್ನೇ ಹಿಡಿಯಿತು. 2020ರ ಅಕ್ಟೋಬರ್ ಆರಂಭದಲ್ಲಿ ಮಾಸ್ಕಿಲ್ಲದ ಮೂಗಿನ ರೇಟು ಮಹಾನಗರಗಳಲ್ಲಿ 1,000, ಉಳಿದ ಕಡೆ 500. ಒಂದು ವಾರ ಕಳೆಯಲಿಲ್ಲ, 250 ಮತ್ತು 100ಕ್ಕೆ ಇಳಿಯಿತು. ಯಾವ ಮದನಪಲ್ಲಿಯಿಂದ ಯಾವ ಮಾಲು ಬಿತ್ತೋ! ಬೆಂಗಳೂರಿನ ಮೂಗಿಗೆ ಸಾವಿರ, ಕೋಲಾರದ ಮೂಗಿಗೆ ಐನೂರು ಎಂದಾಗ ನಮ್ಮವರಿಗೆ ಸ್ವಲ್ಪ ಅವಮಾನವೂ ಆಯಿತೆನ್ನಿ. ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರನ್ನೇ ಕೆರೆಗೆ ತುಂಬಿಸಿಕೊಂಡ ಜಿಲ್ಲೆ ಇದು. ಮೂಗಿನ ವಿಷಯದಲ್ಲಾದರೂ ಸಮಾನತೆ ಬೇಡವೇ?

ಅದಕ್ಕೂ ಮೊದಲು ನಾವು ಹಸಿರು ವಲಯದಲ್ಲಿದ್ದೆವು. ಕೋಲಾರ ಜಿಲ್ಲೆಗೆ ಹಸಿರು ಎಂದು ಸರ್ಟಿಫಿಕೇಟು ಸಿಕ್ಕಿದ್ದು ಬಹುಶಃ ಅದೇ ಮೊದಲು. ಮೇ ಎರಡನೇ ವಾರ ಮುಳಬಾಗಿಲು ತಾಲ್ಲೂಕಿನಲ್ಲಿ ಮೊದಲ ಕೇಸುಗಳು ಬಂದವು, ಹಸಿರು ಬಾಡಿತು. ಮಳೆಗಾಲದಲ್ಲೂ ನಮ್ಮಲ್ಲಿ ಆಗುವುದು ಅಷ್ಟೇ.

ಆ ವರ್ಷದ ಡಿಸೆಂಬರ್ 23ನ್ನು ಮಾತ್ರ ಆಡಳಿತ ಕಲಿಯುವ ಮಕ್ಕಳಿಗೆ ಪಾಠವಾಗಿ ಇಡಬೇಕು. ಇವತ್ತಿನಿಂದಲೇ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಕರ್ಫ್ಯೂ ಎಂದು ಬೆಂಗಳೂರಿನಿಂದ ಘೋಷಣೆ ಬಂತು. ಕೆಲವೇ ಗಂಟೆಗಳಲ್ಲಿ ಇನ್ನೊಂದು ಘೋಷಣೆ: ಇವತ್ತಲ್ಲ ನಾಳೆಯಿಂದ, ಹತ್ತರಿಂದಲ್ಲ ಹನ್ನೊಂದರಿಂದ, ಬೆಳಿಗ್ಗೆ ಐದರವರೆಗೆ. ಮರುದಿನ ಸಂಜೆ ಮೂರನೆಯದು: ಕರ್ಫ್ಯೂ ವಾಪಸ್. ಮಾಲೂರಿನಿಂದ ರಾತ್ರಿ ಬೆಂಗಳೂರಿನ ಮಾರ್ಕೆಟ್ಟಿಗೆ ತರಕಾರಿ ಏರಿಸುವ ಟೆಂಪೊದವನು ಆ ಎರಡು ದಿನ ಎಷ್ಟು ಸಲ ಎಂಜಿನ್ ಆಫ್ ಮಾಡಿ ಆನ್ ಮಾಡಿದನೋ. ವೈರಸ್ಸಂತೂ ಗಡಿಯಾರ ಬಿಚ್ಚಿಟ್ಟು ಮಲಗಿರಬೇಕು.

ಸುತ್ತೋಲೆಗಳಿಗೆ ಅವುಗಳದೇ ಕನ್ನಡವಿದೆ. "ಈ ಹಿಂದಿನ ಆದೇಶವನ್ನು ಭಾಗಶಃ ಮಾರ್ಪಡಿಸಿ" ಎಂದು ಶುರುವಾದರೆ, ನಿನ್ನೆ ಹೇಳಿದ್ದು ಸರಿಯಿರಲಿಲ್ಲ ಎಂದು ಅರ್ಥ. "ಮುಂದಿನ ಆದೇಶದವರೆಗೆ" ಎಂದು ಮುಗಿದರೆ, ಇವತ್ತು ಹೇಳಿದ್ದೂ ಅನುಮಾನ ಎಂದು ಅರ್ಥ. ನಡುವೆ "ಕಟ್ಟುನಿಟ್ಟಾಗಿ" ಎಂದು ಬಂದರೆ ಪೊಲೀಸಿನವರ ಕೈಯಲ್ಲಿ ಲಾಠಿ ಇದೆ ಎಂದು ಅರ್ಥ. "ನಮಗೆ ಆಗ ಗೊತ್ತಿರಲಿಲ್ಲ, ಈಗ ಗೊತ್ತಾಗಿದೆ" ಎಂಬ ವಾಕ್ಯ ಆ ಕನ್ನಡದಲ್ಲಿ ಇನ್ನೂ ಹುಟ್ಟಿಲ್ಲ.

ಆ ವಾಕ್ಯ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಪ್ಲಾಸ್ಮಾದ ಕತೆ ನೋಡಿ. ಪ್ಲಾಸ್ಮಾ ಚಿಕಿತ್ಸೆಯಿಂದ ಸಾವು ಕಡಿಮೆಯಾಗುವುದಿಲ್ಲ ಎಂದು ಐಸಿಎಂಆರ್ ತಾನೇ 39 ಆಸ್ಪತ್ರೆಗಳಲ್ಲಿ ಪರೀಕ್ಷೆ ನಡೆಸಿ ಕಂಡುಕೊಂಡಿತು. ಅದು 2020ರಲ್ಲೇ ಅಚ್ಚಾಯಿತು. ಚಿಕಿತ್ಸೆಯ ಪಟ್ಟಿಯಿಂದ ಪ್ಲಾಸ್ಮಾ ಹೊರಬಿದ್ದದ್ದು 2021ರ ಮೇ 17ಕ್ಕೆ. ದೆಹಲಿಯ ಸುದ್ದಿ ದೆಹಲಿ ತಲುಪಲು ಏಳು ತಿಂಗಳು! ಅಷ್ಟರಲ್ಲಿ ಎರಡನೇ ಅಲೆ ಬಂದಿತ್ತು. ವಾಟ್ಸಾಪ್ ಗುಂಪುಗಳಲ್ಲಿ ದಾನಿ ಸಿಗಲಿ ಎಂದು ಜನ ಕಂಡಕಂಡವರಿಗೆ ಕೈಮುಗಿದಾಗಿತ್ತು. ಇಲ್ಲಿ ನಗು ಬರುವುದಿಲ್ಲ, ಮುಂದೆ ಹೋಗುತ್ತೇನೆ.

ಲಸಿಕೆ ಬಂತು. ಕೋವಿಶೀಲ್ಡ್ ಎರಡನೇ ಡೋಸು ಮೊದಲಿಗೆ ನಾಲ್ಕರಿಂದ ಆರು ವಾರಕ್ಕೆ. 2021ರ ಮಾರ್ಚ್‌ನಲ್ಲಿ ಎಂಟು ವಾರದವರೆಗೂ ಆಗಬಹುದು ಎಂದರು. ಮೇ 13ರಂದು 12ರಿಂದ 16 ವಾರ. ಅಂತರ ಹೆಚ್ಚಿದರೆ ರಕ್ಷಣೆ ಹೆಚ್ಚೆಂದು ಬ್ರಿಟನ್ನಿನ ಅಧ್ಯಯನಗಳು ಹೇಳಿದ್ದು ನಿಜ. ಆ ಜ್ಞಾನೋದಯ ಬಾಟಲಿಗಳು ಖಾಲಿಯಾದ ವಾರದಲ್ಲೇ ಆಯಿತು, ಅದೂ ನಿಜ. ಮರುದಿನದಿಂದಲೇ ರಾಜ್ಯದಲ್ಲಿ 18ರಿಂದ 44 ವಯಸ್ಸಿನವರ ಲಸಿಕೆ ನಿಂತಿತು. ಜೂನ್‌ನಲ್ಲಿ ಓದಲು, ಕೆಲಸಕ್ಕೆ, ಒಲಿಂಪಿಕ್ಸಿಗೆಂದು ವಿದೇಶಕ್ಕೆ ಹೊರಟವರಿಗೆ 28 ದಿನವಾದರೆ ಸಾಕು ಎಂಬ ರಿಯಾಯಿತಿ ಬಂತು. ಪಾಸ್‌ಪೋರ್ಟ್ ಇದ್ದವರ ಮೈ ಬೇಗ ಪಕ್ವವಾಗುತ್ತದೆ ಎಂದು ಶ್ರೀನಿವಾಸಪುರದ ಮಾವಿನ ತೋಪಿನವರು ಅರ್ಥ ಮಾಡಿಕೊಂಡರು. ಕಾಯಿ ಹಣ್ಣಾಗುವ ಲೆಕ್ಕ ಅವರಿಗೆ ಗೊತ್ತಿಲ್ಲದ್ದಲ್ಲ.

ಆ ದಿನಗಳಲ್ಲಿ ಕೋವಿನ್‌ನಲ್ಲಿ ಸ್ಲಾಟ್ ಹಿಡಿದ ಬೆಂಗಳೂರಿನವರು ಸುತ್ತಲ ಜಿಲ್ಲೆಗಳ ಆಸ್ಪತ್ರೆಗಳಿಗೆ ಕಾರು ಹಾಕಿಕೊಂಡು ಬಂದರು. ಬಟನ್ ಫೋನಿನ ಊರಿನವರು ಹೊರಗೆ ನಿಂತು ನೋಡಿದರು. ಹಳ್ಳಿಯವರಿಗೆ ಲಸಿಕೆಯ ಮೇಲೆ ನಂಬಿಕೆ ಇಲ್ಲ ಎಂದು ಮಾರನೆಯ ದಿನ ಟೀವಿಯಲ್ಲಿ ಚರ್ಚೆ.

ಇದನ್ನೆಲ್ಲ ಮನೆ ಮನೆಗೆ ಹೊತ್ತು ತಂದು ಬೈಸಿಕೊಂಡವಳು ಆಶಾ ಕಾರ್ಯಕರ್ತೆ.

"ಏನಮ್ಮಾ, ಎರಡನೇ ಸೂಜಿ ಆರು ವಾರಕ್ಕೆ ಅಂದೆ. ಈಗ ಮೂರು ತಿಂಗಳು ಅಂತೀಯ. ನಾಳೆ ಬಂದು ಏನಂತೀಯ?"

"ನನಗೇನು ಗೊತ್ತು ತಾತ, ಮೇಲಿಂದ ಬಂದಿದ್ದು ಹೇಳ್ತಾ ಇದೀನಿ."

(ಶ್ರೀನಿವಾಸಪುರದ ಕಡೆ ಈ ಮಾತು ನಡೆಯುವುದು ಹೆಚ್ಚಾಗಿ ತೆಲುಗಿನಲ್ಲಿ. ಸುತ್ತೋಲೆ ಮಾತ್ರ ಯಾವ ಭಾಷೆಯಲ್ಲೂ ಅರ್ಥವಾಗುವುದಿಲ್ಲ, ಆ ಮಟ್ಟಿಗೆ ಪಕ್ಷಪಾತವಿಲ್ಲ.) ತಿಂಗಳಿಗೆ 12,000 ರೂಪಾಯಿ ಕೊಡಿ ಎಂದು ರಾಜ್ಯದ ಆಶಾ ಕಾರ್ಯಕರ್ತೆಯರು 2020ರ ಜುಲೈನಲ್ಲಿ ಕೆಲಸ ನಿಲ್ಲಿಸಿ ಕೂರಬೇಕಾಯಿತು. ಊರವರು ನಂಬುವ ಒಂದೇ ಮುಖ ಅವಳದು, ಅದಕ್ಕೆ ಸರ್ಕಾರ ಕೊಟ್ಟ ಬೆಲೆ ನೋಡಿ.

ಜನ ನಂಬಲಿಲ್ಲ ಎನ್ನುವವರು ಜನರನ್ನು ಎಷ್ಟು ನಂಬಿದ್ದರು? 2020ರ ಮಾರ್ಚ್ ಕೊನೆಗೆ ಮನೆ ಕ್ವಾರಂಟೈನ್‌ನಲ್ಲಿದ್ದವರು ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಬೇಕು ಎಂದು ನಮ್ಮ ಸರ್ಕಾರ ಹೇಳಿತ್ತು. ಮದುವೆಯಾದ ಹೊಸತರಲ್ಲಿ ಹೆಂಡತಿಯೂ ಅಷ್ಟು ಫೋಟೊ ಕೇಳುವುದಿಲ್ಲ.

ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮ ಇದ್ದಾಳೆ. ಅವಳಿಗೆ ಕೈಮುಗಿದರೆ ಚೇಳು ಕಚ್ಚುವುದಿಲ್ಲ ಎಂಬ ನಂಬಿಕೆ ಎಷ್ಟೋ ತಲೆಮಾರುಗಳದು. ಈ ಆಶ್ವಾಸನೆಗೆ ಇಲ್ಲಿಯತನಕ ಒಂದು ತಿದ್ದೋಲೆಯೂ ಬಂದಿಲ್ಲ. ಮಾತು ಬದಲಾಗದಿದ್ದರೆ ಮಾತ್ರ ನಮ್ಮ ಜನ ನಂಬುತ್ತಾರೆ ಎಂದು ಇದನ್ನು ನೋಡಿ ಅಧಿಕಾರಿಗಳು ತೀರ್ಮಾನಿಸಿದಂತಿದೆ. ಅದಕ್ಕೇ ದಿನಕ್ಕೊಂದು ಹೇಳಿ, ಎಲ್ಲವನ್ನೂ ಮೊದಲಿನಿಂದ ಹೇಳುತ್ತಿದ್ದವರಂತೆ ಮುಖ ಮಾಡುತ್ತಾರೆ. ಅವರು ಗುಡಿಯಿಂದ ಹೊರಗೆ ಬಂದು ಒಂದು ಬೆಳಿಗ್ಗೆ ಮಂಡಿಯಲ್ಲಿ ನಿಲ್ಲಬೇಕು ಎಂದು ನನ್ನ ಕೋರಿಕೆ. ಮುಂದಿನ ರೋಗಕ್ಕೆ ಬರೆಯುವ ಸುತ್ತೋಲೆಯ ಮೇಲೆ ಎರಡೇ ಸಾಲು ಹೆಚ್ಚಿಗೆ ಹಾಕಿ: ನಿನ್ನೆ ಏನು ಹೇಳಿದ್ದೆವು, ಇವತ್ತು ಯಾಕೆ ಬದಲಾಯಿಸಿದೆವು. ಕಾಗದದ ಖರ್ಚು ನಾವು ಕೊಡುತ್ತೇವೆ.

ಚೇಳಮ್ಮನಿಗೆ ಕಾಣಿಕೆ ಹಾಕಿದವರೂ ಚೇಳು ಕಚ್ಚಿದಾಗ ಆಟೊ ಹಿಡಿಯುವುದು ಆಸ್ಪತ್ರೆಗೇ.