ಅರ್ಧ ಗೋಲಿನ ಲೆಕ್ಕ

ಕನಕಪುರದಲ್ಲಿ ಚುನಾವಣೆ ಬಂದರೆ ಯಾರು ಗೆಲ್ಲುತ್ತಾರೆ ಎಂದು ಬಾಜಿ ಕಟ್ಟುವವನು ಸಿಗುವುದು ಕಷ್ಟ. ಸಿಕ್ಕರೆ, ಡಿ.ಕೆ. ಶಿವಕುಮಾರ್ ಸೋಲುತ್ತಾರೆ ಎಂದು ನಂಬಿದ ಪುಣ್ಯಾತ್ಮನೇ ಆಗಿರಬೇಕು. ಅಂಥವನನ್ನು ಕೂರಿಸಿ, ಕಾಫಿ ಕೊಡಿಸಿ, ಮನಸ್ಸು ಬದಲಾಗುವ ಮೊದಲೇ ದುಡ್ಡು ತೆಗೆಸುತ್ತಾರೆ. ಉಳಿದವರ ವಾದವೆಲ್ಲ ಲೀಡಿನ ಮೇಲೆ. "ಅರವತ್ತು ದಾಟಲ್ಲ." "ಅರವತ್ತಾ? ಲಕ್ಷದ ಮೇಲೆ ಅನ್ನು." 2018ರಲ್ಲಿ ಅಂತರ ಬಂದದ್ದು 79,909. ಎಂಬತ್ತು ಸಾವಿರ ಆಗೇ ಆಗುತ್ತದೆ ಎಂದು ಪಟ್ಟು ಹಿಡಿದವನಿದ್ದರೆ, ಅವನ ಕ್ಯಾಂಡಿಡೇಟು ಭರ್ಜರಿಯಾಗಿ ಗೆದ್ದ ದಿನವೇ ಅವನು 91 ಓಟಿಗೆ ಕೈ ಸುಟ್ಟುಕೊಂಡಿರಬೇಕು. 2023ರಲ್ಲಿ ಅಂತರ 1,22,392. ಲಕ್ಷ ಅಂದವನ ಮಾತೇ ನಡೆಯಿತು.

ನಮ್ಮ ಸೋದರಮಾವ ರಾಮನಗರದಲ್ಲಿ ರೀಲರು. ರೇಷ್ಮೆಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಹುಳುವಿನ ಸದ್ದಿನ ಮೇಲೇ ಗೂಡಿನ ಯೋಗ್ಯತೆ ಹೇಳುವ ಮನುಷ್ಯ. ಕಾಲ್ಚೆಂಡಿನಾಟದ ಗಂಧಗಾಳಿ ಇಲ್ಲ. ಅವರ ಮಗ ಬೆಂಗಳೂರಿನ ಕಾಲೇಜಿನಿಂದ ಬಂದವನು ಮೊಬೈಲ್ ಹಿಡಿದು "ಮೈನಸ್ ಒಂದೂವರೆ" ಎಂದು ಯಾರಿಗೋ ಹೇಳುತ್ತಿದ್ದುದು ಅವರ ಕಿವಿಗೆ ಬಿತ್ತು. ಇದೇನು, ಹುಡುಗನಿಗೆ ಕನ್ನಡಕ ಬಂತೇ ಎಂದು ಗಾಬರಿಯಾಗಿ ನನ್ನನ್ನು ಕರೆದರು. ಅದು ಕನ್ನಡಕದ ನಂಬರಲ್ಲ ಮಾವ, ಹ್ಯಾಂಡಿಕ್ಯಾಪ್ ಬೆಟ್ಟಿಂಗು ಅಂದೆ.

"ಹಂಗಂದ್ರೆ?"

ಬಲವಾದ ತಂಡ, ಬಡಪಾಯಿ ತಂಡ ಎರಡೂ ಎದುರಾದರೆ ಎಲ್ಲರೂ ಬಲವಾದವರ ಮೇಲೇ ಕಟ್ಟುತ್ತಾರೆ. ಎದುರಿಗೆ ಕಟ್ಟುವವನೇ ಇಲ್ಲದಿದ್ದರೆ ಬಾಜಿ ಎಲ್ಲಿಂದ ಬಂತು? ಅದಕ್ಕೆ ಬಲವಾದ ತಂಡದ ಲೆಕ್ಕದಿಂದ ಮೊದಲೇ ಒಂದೂವರೆ ಗೋಲು ಕಳೆದುಬಿಡುತ್ತಾರೆ. ಕನಿಷ್ಠ ಎರಡು ಗೋಲಿನ ಅಂತರದಲ್ಲಿ ಗೆದ್ದರೆ ಮಾತ್ರ ಗೆಲುವು. ಒಂದೇ ಗೋಲಿನಲ್ಲಿ ಗೆದ್ದರೆ ಮೈದಾನದಲ್ಲಿ ಕುಣಿದಾಟ, ಬಾಜಿಯಲ್ಲಿ ಸೋಲು.

"ಇದು ಕನಕಪುರದ ಲೀಡಲ್ವೇನೋ!" ಅಂದರು ಮಾವ. ಅಷ್ಟು ಹೊತ್ತು ನಾನು ಗಂಟಲು ಹರಿದುಕೊಂಡಿದ್ದೇ ದಂಡ. ಆದರೆ ಒಂದು ಸಂಶಯ ಮಾತ್ರ ಅವರನ್ನು ಬಿಡಲಿಲ್ಲ. "ಒಂದು ಗೋಲು ಸರಿ. ಈ ಅರ್ಧ ಗೋಲು ಎಂಗೆ? ಬಾಲು ಅರ್ಧ ಒಳಕ್ಕೋಗಿ ನಿಂತ್ಕಂಡ್ರಾ?"

ಅರ್ಧ ಗೋಲನ್ನು ಭೂಮಿಯ ಮೇಲೆ ಯಾರೂ ಹೊಡೆದಿಲ್ಲ. ಅದಿರುವುದು ಜಗಳ ತೀರಿಸಲಿಕ್ಕೆ. ಓಟು ಸಾವಿರಗಟ್ಟಲೆ ಬೀಳುತ್ತದೆ, ಹಿಡಿದ ಅಂಕಿಯ ಮೇಲೇ ಕರಾರುವಾಕ್ಕಾಗಿ ಬಂದು ನಿಲ್ಲುವುದು ಅಪರೂಪ. ಕಾಲ್ಚೆಂಡಿನಲ್ಲಿ ತೊಂಬತ್ತು ನಿಮಿಷ ಓಡಾಡಿದರೂ ಬೀಳುವುದು ಎರಡೋ ಮೂರೋ. ಒಂದು ಗೋಲು ಕಳೆದು ಕಟ್ಟಿದರೆ ಪದೇ ಪದೇ ಸಮಸಮ ಬಂದು ದುಡ್ಡು ವಾಪಸ್ಸಾಗುತ್ತಿರುತ್ತದೆ. ಅರ್ಧ ಸೇರಿಸಿದರೆ ಇತ್ತಲೋ ಅತ್ತಲೋ ತೀರ್ಮಾನವಾಗಲೇಬೇಕು. ನಮ್ಮ ರಾಜ್ಯದ ಚುನಾವಣೆಗಳಲ್ಲಿ ಅರ್ಧದ ಅಗತ್ಯ ಬೀಳುವ ಮಟ್ಟಕ್ಕೆ ಹೋದದ್ದು ಚಾಮರಾಜನಗರದ ಕಡೆಯ ಸಂತೆಮರಹಳ್ಳಿ ಒಂದೇ ಇರಬೇಕು. 2004ರಲ್ಲಿ ಅಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ಓಟಿನಿಂದ.

ಅರ್ಧಕ್ಕೇ ನಿಂತಿದ್ದರೆ ಮಾವ ಸುಮ್ಮನಾಗುತ್ತಿದ್ದರು. ಇದರಲ್ಲಿ ಕಾಲು, ಮುಕ್ಕಾಲು ಕೂಡ ಇದೆ. ಇಂಡೋನೇಷ್ಯಾ ಕಡೆ ಬೆಳೆದ ಈ ಪದ್ಧತಿಗೆ 1998ರಲ್ಲಿ ಜೋ ಸಾಮರೆಜ್ ಸ್ಮಿತ್ ಎಂಬ ಬ್ರಿಟಿಷ್ ಪತ್ರಕರ್ತರು ಏಷ್ಯನ್ ಹ್ಯಾಂಡಿಕ್ಯಾಪ್ ಎಂದು ಹೆಸರಿಟ್ಟರು. ಮುಕ್ಕಾಲು ಎಂದರೆ ಕಟ್ಟಿದ ದುಡ್ಡಿನಲ್ಲಿ ಅರ್ಧ ಭಾಗ ಅರ್ಧ ಗೋಲಿನ ಮೇಲೆ, ಇನ್ನರ್ಧ ಒಂದು ಗೋಲಿನ ಮೇಲೆ. ತಂಡ ಒಂದೇ ಗೋಲಿನಿಂದ ಗೆದ್ದರೆ ಮೊದಲರ್ಧಕ್ಕೆ ಲಾಭ, ಎರಡನೆಯದು ಹಾಗೇ ವಾಪಸ್ಸು. ಇನ್ನೂ ಒಂದು ಕೊಕ್ಕೆ ಉಂಟು. ಸಾಮಾನ್ಯವಾಗಿ ಲೆಕ್ಕ ಹಿಡಿಯುವುದು ತೊಂಬತ್ತು ನಿಮಿಷ ಮತ್ತು ಅದಕ್ಕೆ ರೆಫ್ರಿ ಕೂಡಿಸುವ ನಷ್ಟದ ನಿಮಿಷಗಳಿಗಷ್ಟೇ. 2022ರ ವಿಶ್ವಕಪ್ ಫೈನಲ್ಲಿನಲ್ಲಿ ಮೆಸ್ಸಿ ಕಪ್ಪು ಎತ್ತಿದ್ದನ್ನು ಲೋಕವೇ ನೋಡಿತು. ಬಾಜಿಯ ಪುಸ್ತಕದಲ್ಲಿ ಮಾತ್ರ ಆ ಪಂದ್ಯ 2–2, ಸಮ.

ಬಲದವರು ಬಿಟ್ಟುಕೊಡುವ ಈ ಪದ್ಧತಿ ನಮಗೇನು ಹೊಸದಲ್ಲ. ಓಟದ ಪಂದ್ಯದಲ್ಲಿ ಚಿಕ್ಕವರನ್ನು ಹತ್ತು ಹೆಜ್ಜೆ ಮುಂದೆ ನಿಲ್ಲಿಸುತ್ತಿದ್ದೆವು. ತೀರಾ ಚಿಕ್ಕವರಿಗೆ ಬೇರೆ ಏರ್ಪಾಡಿತ್ತು: ಆಟಕ್ಕುಂಟು ಲೆಕ್ಕಕ್ಕಿಲ್ಲ. ಬೆಂಗಳೂರಿನ ರೇಸ್ ಕೋರ್ಸಿನಲ್ಲಿ ಒಳ್ಳೆಯ ಕುದುರೆಯ ಬೆನ್ನಿಗೆ ಹೆಚ್ಚು ಭಾರ ಹೊರಿಸುತ್ತಾರೆ. ಚೆನ್ನಾಗಿ ಓಡಿದ್ದಕ್ಕೆ ಸಿಕ್ಕ ಬಹುಮಾನ ಇದೇನೋ ಎಂದು ಕುದುರೆ ಅಂದುಕೊಳ್ಳಬಹುದು. ಕಚೇರಿಗಳಲ್ಲಿ ಕೆಲಸ ಬಲ್ಲ ಗುಮಾಸ್ತರಿಗೂ ಇದು ಅನ್ವಯಿಸುತ್ತದೆ, ಇರಲಿ.

ರಾಮನಗರದ ಬಂಡೆಗಳ ನಡುವೆ ತೆಗೆದ 'ಶೋಲೆ'ಯಲ್ಲಿ ಜೈ ಚಿಮ್ಮುತ್ತಿದ್ದ ನಾಣ್ಯಕ್ಕೆ ಎರಡೂ ಕಡೆ ಒಂದೇ ಮುಖ. 'ಯಾರು ಗೆಲ್ತಾರೆ' ಎಂಬ ಬಾಜಿ ಕನಕಪುರದಲ್ಲಿ ಆ ನಾಣ್ಯದ ಜಾತಿಯದು. ಅದಕ್ಕೆ ಇನ್ನೊಂದು ಮುಖ ಕೆತ್ತಿಕೊಡುವುದೇ ಲೀಡಿನ ಕೆಲಸ. ಎಷ್ಟು ಲೀಡಿಗೆ ಬಾಜಿ ಎಂದು ಗೆರೆ ಹಾಕುವವನಿಗೆ ಆಟದ ಜ್ಞಾನಕ್ಕಿಂತ ಕಟ್ಟುವವರ ಮನಸ್ಸು ಗೊತ್ತಿರಬೇಕು. ಕಟ್ಟುವವರು ಸರಿಯಾಗಿ ಎರಡು ಹೋಳಾಗುವ ಜಾಗದಲ್ಲಿ ಗೆರೆ ಎಳೆದರೆ ಸೋತವರ ದುಡ್ಡು ಗೆದ್ದವರಿಗೆ, ನಡುವಿನ ಕಮಿಷನ್ ತನಗೆ. ಯಾರೇ ಗೆದ್ದರೂ ಸೋಲದ ಮನುಷ್ಯ ಅವನೊಬ್ಬನೇ. ಭಾವಮೈದನಿಗೆ ಇದನ್ನು ಇನ್ನೂ ಹೇಳಿಲ್ಲ, ಹೇಳಬೇಕು.

ಎಲ್ಲ ಊರಲ್ಲೂ ಗೆರೆ ಎಳೆಯುವುದು ಸುಲಭವಲ್ಲ. 2023ರಲ್ಲಿ ರಾಮನಗರದ ಅಂತರ 10,715, ಮಾಗಡಿಯದು 11,839. ಇಲ್ಲಿ ಗೆಲ್ಲುವವರು ಯಾರೆಂಬುದೇ ಜಗಳ, ಲೀಡಿನ ಮಾತು ಆಮೇಲೆ. ಚನ್ನಪಟ್ಟಣದಲ್ಲಿ ಸಿ.ಪಿ. ಯೋಗೇಶ್ವರ್ 2023ರಲ್ಲಿ ಕುಮಾರಸ್ವಾಮಿಯವರ ಎದುರು 15,915 ಓಟಿನಿಂದ ಸೋತರು; ಮರುವರ್ಷದ ಉಪಚುನಾವಣೆಗೆ ಪಕ್ಷ ಬದಲಿಸಿ ನಿಂತು 25,413 ಓಟಿನಿಂದ ಗೆದ್ದರು. 2018ರ ರಾಮನಗರದ ಉಪಚುನಾವಣೆಯಂತೂ ಯಾವ ಹ್ಯಾಂಡಿಕ್ಯಾಪಿಗೂ ನಿಲುಕದ್ದು. ಮತದಾನಕ್ಕೆ ಎರಡು ದಿನ ಇರುವಾಗ ಬಿಜೆಪಿ ಅಭ್ಯರ್ಥಿ ಕಾಂಗ್ರೆಸ್ಸಿಗೆ ವಾಪಸ್ ಹೋದರು. ಎದುರಾಳಿ ಮೈದಾನ ಬಿಟ್ಟು ನಡೆದ ಮೇಲೂ ಪಂದ್ಯ ನಡೆಯಿತು. ಅನಿತಾ ಕುಮಾರಸ್ವಾಮಿ 1,09,137 ಓಟಿನಿಂದ ಗೆದ್ದರು. ಮತಯಂತ್ರದಲ್ಲಿ ಉಳಿದುಹೋಗಿದ್ದ ಆ ಹೆಸರಿಗೂ ಸಾವಿರಾರು ಜನ ಒತ್ತಿದ್ದರು. ಹೊರಟುಹೋದ ತಂಡಕ್ಕೂ ಗೋಲು ಬಿದ್ದ ಹಾಗಾಯಿತು!

ಓಟಿನ ಮೇಲೆ, ಕಾಲ್ಚೆಂಡಿನ ಮೇಲೆ ಹೀಗೆ ಬಾಜಿ ಕಟ್ಟುವುದು ಅಪರಾಧ, ಗೊತ್ತಿರಲಿ. ಆನ್‌ಲೈನಿನಲ್ಲಿ ದುಡ್ಡು ಕಟ್ಟುವ ಆಟಗಳಿಗಂತೂ 2025ರ ಆಗಸ್ಟಿನಲ್ಲಿ ಸಂಸತ್ತೇ ನಿಷೇಧದ ಕಾನೂನು ಮಾಡಿತು. ಕಾನೂನಿನ ಹೆಸರು ಹೇಳಿ ಮಗನ ಮೊಬೈಲನ್ನು ಮಾವ ಬೀರುವಿನಲ್ಲಿಟ್ಟರು. ತಾವು ಮಾತ್ರ ಮುಂದಿನ ಚುನಾವಣೆಗೆ ಪಕ್ಕದ ಮನೆಯವರ ಜೊತೆ ಒಂದು ಕುರಿಯ ಮಾತಾಡಿಕೊಂಡಿದ್ದಾರೆ. ಅದು ಬಾಜಿಯಲ್ಲವಂತೆ, ಬಾಡೂಟವಂತೆ. ಸೋತವರು ಕುರಿ ಕಡಿಯಬೇಕು, ಗೆದ್ದವರು ಬಂದು ಉಣ್ಣಬೇಕು.

ನಾನು ಕೀಟಲೆಗೆ, "ಮುಕ್ಕಾಲಿನ ಲೆಕ್ಕ ಇಟ್ಕೊಂಡಿದ್ರೆ ಏನ್ ಮಾಡ್ತೀರಿ ಮಾವ? ಅರ್ಧ ಕುರಿ ವಾಪಸ್ ಕೊಡಬೇಕಾಗುತ್ತೆ" ಅಂದೆ.

"ಕುರಿ ಪಾಲಾಕೋದೇನು ಮಹಾ ಬಿಡೋ," ಅಂದರು. "ತಲೆ ಯಾರಿಗೆ ಅನ್ನೋದನ್ನ ಮೊದ್ಲೇ ಮಾತಾಡ್ಕಬೇಕು."