ಹಿಮ್ಮುಖ ಮೀಮಾಂಸೆ: ಟ್ರೇಲರನ್ನು ಕಟ್ಟೆಗೆ ಹಚ್ಚುವ ವಿದ್ಯೆಯ ಪ್ರಮಾಣವಿಚಾರ

ಯಾವ ಶಾಸ್ತ್ರವನ್ನು ಆರಂಭಿಸುವಾಗಲೂ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕು ಎಂಬುದು ಹಿರಿಯರ ಕಟ್ಟಳೆ. ಹೇಳುತ್ತೇವೆ. ವಿಷಯ: 40 ಅಡಿ ಕಂಟೇನರ್ ಹೊತ್ತ ಟ್ರೇಲರನ್ನು ನೆಲಮಂಗಲದ ಕಡೆಯ ಒಂದು ಗೋದಾಮಿನ ಕಟ್ಟೆಗೆ ರಿವರ್ಸ್‌ನಲ್ಲಿ ತಂದು ಹಚ್ಚುವುದು. ಪ್ರಯೋಜನ: ಹಮಾಲರು ಊಟಕ್ಕೆ ಏಳುವ ಮುಂಚೆ ಮಾಲು ಇಳಿಯುವುದು. ಸಂಬಂಧ: ಮುಂದಿನ ಇಂಜಿನ್ ಗಾಡಿಗೂ ಹಿಂದಿನ ಟ್ರೇಲರಿಗೂ ನಡುವೆ ನಿಂತ ಕಿಂಗ್ ಪಿನ್. ಮಿಕ್ಕ ಶಾಸ್ತ್ರಗಳಲ್ಲಿ ಸಂಬಂಧವನ್ನು ಊಹಿಸಿಕೊಳ್ಳಬೇಕು, ಇಲ್ಲಿ ಅದಕ್ಕೆ ಗ್ರೀಸ್ ಹಚ್ಚಬಹುದು. ಅಧಿಕಾರಿ: ಹೆವಿ ಲೈಸೆನ್ಸ್ ಉಳ್ಳವನು, ಕುತ್ತಿಗೆ ಸಲೀಸಾಗಿ ತಿರುಗುವವನು, ಅವಮಾನ ಸಹಿಸಬಲ್ಲವನು. ಆದರೆ ಗೋದಾಮಿನ ಅಂಗಳದಲ್ಲಿ ವಾಚ್‌ಮನ್, ಚಹಾದ ಹುಡುಗ, ಪಕ್ಕದ ಲಾರಿಯ ನೆರಳಲ್ಲಿ ಮಲಗಿದ್ದವನು, ಎಲ್ಲರೂ ತಾವೇ ಅಧಿಕಾರಿಗಳೆಂದು ಎದ್ದು ಬರುವುದನ್ನು ಕಂಡಿದ್ದೇವೆ. ಅವರ ಮತವನ್ನು ಮುಂದೆ ಖಂಡಿಸುತ್ತೇವೆ.

ಇತಿಹಾಸದ ಮಾತು ಚಿಕ್ಕದು. 1914ರಲ್ಲಿ ಡೆಟ್ರಾಯಿಟ್‌ನ ಆಗಸ್ಟ್ ಫ್ರೂಹಾಫ್ ಎಂಬ ಕಮ್ಮಾರನ ಬಳಿಗೆ ಸಿಬ್ಲಿ ಎಂಬ ಮರದ ವ್ಯಾಪಾರಿ ಬಂದು, ತನ್ನ ದೋಣಿಯನ್ನು ಫೋರ್ಡ್ ಮಾಡೆಲ್ ಟಿ ಕಾರಿನ ಹಿಂದೆ ಕಟ್ಟಿ ಸಾಗಿಸಲು ಏನಾದರೂ ಮಾಡಿಕೊಡು ಎಂದ. ಫ್ರೂಹಾಫ್ ಮಾಡಿಕೊಟ್ಟ. ಅದು ಚೆನ್ನಾಗಿದೆ ಎಂದು ವ್ಯಾಪಾರಿ ಮರ ಸಾಗಿಸಲೂ ಅಂಥದ್ದನ್ನೇ ಮಾಡಿಸಿಕೊಂಡ. ಮುಂದಕ್ಕೆ ಎಳೆಯುವ ಬುದ್ಧಿ ಹೀಗೆ ಡೆಟ್ರಾಯಿಟ್‌ನಲ್ಲಿ ಬೇರೂರಿತು, ಹಿಂದಕ್ಕೆ ನೂಕುವ ಕರ್ಮ ಲೋಕಕ್ಕೆಲ್ಲ ಹಂಚಿಹೋಯಿತು.

ಈಗ ತತ್ತ್ವ. ಮಾಮೂಲಿ ಲಾರಿ ಅದ್ವೈತಿ: ಡ್ರೈವರ್ ಕೂರುವ ತಲೆಯೂ ಮಾಲು ಹೊರುವ ಮೈಯೂ ಅಲ್ಲಿ ಒಂದೇ. ಟ್ರೇಲರ್ ದ್ವೈತಿ. ತಲೆ ಬೇರೆ, ಮೈ ಬೇರೆ, ಭೇದ ಸತ್ಯ. ಸಂಶಯವಿದ್ದವರು ರಿವರ್ಸ್ ಗೇರ್ ಹಾಕಿ ನೋಡಬಹುದು. ನಮ್ಮ ರೈತರ ಟ್ರ್ಯಾಕ್ಟರಿಗೆ ಕಟ್ಟಿದ ನಾಲ್ಕು ಚಕ್ರದ ಟ್ರೇಲರಿನಲ್ಲಿ ಮುಂದಿನ ಅಚ್ಚೂ ತಿರುಗುವುದರಿಂದ ಕೀಲು ಎರಡಾಗುತ್ತವೆ. ಅಂಥ ಎರಡು ಟ್ರೇಲರ್ ಕಬ್ಬು ಕಟ್ಟಿಕೊಂಡು ಹೊರಟವನ ಕೀಲುಗಳನ್ನು ಎಣಿಸಲು ಯಾವ ಆಚಾರ್ಯರೂ ಮುಂದೆ ಬಂದಿಲ್ಲ. ಅವನು ರಿವರ್ಸನ್ನೇ ಸಂನ್ಯಾಸ ಮಾಡಿರುತ್ತಾನೆ.

ಮೊದಲ ಸೂತ್ರ: ಬಲಕ್ಕೆ ಬೇಕೆಂದರೆ ಎಡಕ್ಕೆ.

ವ್ಯಾಖ್ಯಾನ: ರಿವರ್ಸ್‌ನಲ್ಲಿ ಸ್ಟೇರಿಂಗನ್ನು ಎಡಕ್ಕೆ ಕಟ್ ಮಾಡಿದರೆ ಇಂಜಿನ್ ಗಾಡಿಯ ಹಿಂಭಾಗ ಎಡಕ್ಕೆ ಸರಿಯುತ್ತದೆ. ಅಲ್ಲಿರುವ ಕಿಂಗ್ ಪಿನ್ ಟ್ರೇಲರಿನ ಮೂತಿಯನ್ನು ಎಡಕ್ಕೆ ತಳ್ಳುತ್ತದೆ. ಆಗ ಟ್ರೇಲರಿನ ಬಾಲ ಬಲಕ್ಕೆ ಹೊರಳುತ್ತದೆ. ಕೈಯನ್ನು ಸ್ಟೇರಿಂಗಿನ ಕೆಳತುದಿಯಲ್ಲಿ ಇಟ್ಟುಕೊಂಡರೆ ಕೈ ಹೋದ ಕಡೆಗೇ ಬಾಲವೂ ಹೋಗುತ್ತದೆ, ಆದ್ದರಿಂದ ಸೂತ್ರವೇ ಬೇಡ ಎಂದು ಅಧೋಹಸ್ತವಾದಿಗಳ ಆಕ್ಷೇಪ. ಅವರ ಮಾತು ಸರಿ. ಆದರೂ ಒಪ್ಪಲಾಗದು, ಒಪ್ಪಿದರೆ ಪ್ರಬಂಧ ಇಲ್ಲಿಗೇ ಮುಗಿಯುತ್ತದೆ.

ಎರಡನೆಯ ಸೂತ್ರ: ತಿರುಗಿತೆಂದು ಕಂಡಾಗ ತಡವಾಗಿರುತ್ತದೆ.

ಟ್ರೇಲರನ್ನು ಎಳೆದರೆ ಅದು ತಾನಾಗಿ ನೆಟ್ಟಗಾಗುತ್ತದೆ. ನೂಕಿದರೆ ಇದ್ದ ಸಣ್ಣ ಓರೆಯೂ ದೊಡ್ಡದಾಗುತ್ತ ಹೋಗುತ್ತದೆ. ಅಂಗೈ ಮೇಲೆ ಕೋಲು ನಿಲ್ಲಿಸುವ ಹುಡುಗನಿಗೆ ಈ ಗಣಿತ ಗೊತ್ತು: ಕೋಲು ವಾಲುವ ಮುಂಚೆಯೇ ಕೈ ಸರಿಯಬೇಕು, ಅದೂ ಸ್ವಲ್ಪವೇ. ಬಾಲ ಹೊರಳಲು ತೊಡಗಿದ್ದೇ ತಡ ಸ್ಟೇರಿಂಗನ್ನು ಹಿಂದಿರುಗಿಸಿ, ಇಂಜಿನ್ ಗಾಡಿ ಟ್ರೇಲರಿನ ಬೆನ್ನು ಹತ್ತುವಂತೆ ಮಾಡಬೇಕು. ಬಿಟ್ಟರೆ ಎರಡೂ ಸೇರಿ ಮಡಚಿಕೊಳ್ಳುತ್ತವೆ. ಆಮೇಲೆ ಯಾವ ಕಡೆ ತಿರುಗಿಸಿದರೂ ರಿವರ್ಸ್‌ನಲ್ಲಿ ಬಿಡಿಸಲಾಗದ ಹಂತ ಬರುತ್ತದೆ. ಮುಂದಕ್ಕೆ ಹೋಗಿ ನೆಟ್ಟಗೆ ಮಾಡಿಕೊಂಡು ಬರುವುದೇ ಪ್ರಾಯಶ್ಚಿತ್ತ. ಅದು ತಪ್ಪೊಪ್ಪಿಗೆಯಲ್ಲ, ಕರ್ಮಾಂಗ. ಹಳೆಯ ಡ್ರೈವರುಗಳು ಯಾರ ಮುಖವನ್ನೂ ನೋಡದೆ ಅದನ್ನು ಮಾಡುತ್ತಾರೆ. ಹೊಸಬರು ಮಾತ್ರ ಮರ್ಯಾದೆಯ ಪ್ರಶ್ನೆಯೆಂದು ಹಟ ಹಿಡಿದು ಹಿಂದಕ್ಕೇ ಒತ್ತುತ್ತಾರೆ.

ಈ ಹಟವನ್ನು ವಿದ್ವತ್ತಿನ ಮಟ್ಟಕ್ಕೆ ಏರಿಸಿದವರೂ ಇದ್ದಾರೆ. 1989ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಡೆರಿಕ್ ನ್ಗುಯೆನ್ ಮತ್ತು ಬರ್ನಾರ್ಡ್ ವಿಡ್ರೊ ಎಂಬಿಬ್ಬರು ಕಂಪ್ಯೂಟರಿನೊಳಗೆ ಒಂದು ಟ್ರೇಲರ್ ಕಟ್ಟಿ, 26 ಕೃತಕ ನರಕೋಶಗಳ ಒಂದು ಜಾಲಕ್ಕೆ ಅದನ್ನು ಕಟ್ಟೆಗೆ ಹಚ್ಚುವುದನ್ನು ಕಲಿಸಿದರು. ಮುಂದಕ್ಕೆ ಹೋಗುವಂತಿಲ್ಲ, ರಿವರ್ಸ್ ಮಾತ್ರ ಎಂಬುದು ನಿಯಮ. ಮೊದಲು ಕಟ್ಟೆಯ ಹತ್ತಿರ ನೆಟ್ಟಗೆ ನಿಲ್ಲಿಸಿ ಸುಲಭದ ಪಾಠ, ಆಮೇಲೆ ದೂರ, ಆಮೇಲೆ ಓರೆ. ಸುಮಾರು 20,000 ಸಲ ಹಿಂದೆ ಬಂದ ಮೇಲೆ ಜಾಲಕ್ಕೆ ವಿದ್ಯೆ ಒಲಿಯಿತು, ಮಡಚಿ ನಿಲ್ಲಿಸಿದರೂ ಬಿಡಿಸಿಕೊಂಡು ಬಂದು ಹಚ್ಚುವಷ್ಟು. ಇದನ್ನು ಓದಿದ ನಮಗೆ ಎರಡು ಸಂಗತಿ ಹೊಳೆದವು. ಒಂದು, ಈ ಕೆಲಸಕ್ಕೆ 26 ನರಕೋಶ ಸಾಕು. ಉಳಿದವನ್ನು ಡ್ರೈವರ್ ಬಾಡಿಗೆಯ ಲೆಕ್ಕಕ್ಕೆ ಇಟ್ಟುಕೊಳ್ಳಬಹುದು. ಎರಡು, ಆ ಜಾಲಕ್ಕೆ ಕ್ಲೀನರ್ ಇರಲಿಲ್ಲ.

ಕ್ಲೀನರ್ ಇರುವ ಕಡೆ ಸಮಸ್ಯೆ ಗಣಿತದ್ದಲ್ಲ, ಜ್ಞಾನದ್ದು. ಹಿಂದೆ ಏನಿದೆ ಎಂಬುದು ಡ್ರೈವರಿಗೆ ಗೊತ್ತಾಗುವುದು ಹೇಗೆ? ದ್ವೈತಿಗಳು ಒಪ್ಪುವುದು ಪ್ರತ್ಯಕ್ಷ, ಅನುಮಾನ, ಶಬ್ದ ಎಂಬ ಮೂರೇ ಪ್ರಮಾಣಗಳನ್ನು. ಟ್ರೇಲರ್ ದ್ವೈತಿ ಎಂದು ಮೇಲೆ ಸಾಧಿಸಿದ್ದೇವೆ, ನಿಜ. ಆದರೆ ಅದನ್ನು ಹಚ್ಚಲು ಭಾಟ್ಟ ಮೀಮಾಂಸಕರ ಆರೂ ಪ್ರಮಾಣಗಳು ಬೇಕು ಎಂಬುದು ನಮ್ಮ ಸಿದ್ಧಾಂತ. ಶಾಸ್ತ್ರದ ವಾಡಿಕೆಯಂತೆ ಡ್ರೈವರನ್ನು ದೇವದತ್ತ ಎಂದೂ ಕ್ಲೀನರನ್ನು ಯಜ್ಞದತ್ತ ಎಂದೂ ಕರೆಯೋಣ.

ಪ್ರತ್ಯಕ್ಷ ಎಂದರೆ ಕನ್ನಡಿ. ನಮ್ಮಲ್ಲಿ ಸ್ಟೇರಿಂಗ್ ಬಲಕ್ಕಿರುವುದರಿಂದ ಬಲ್ಲವರು ಬಲಗಡೆಗೇ ಬಳಸಿ ಹಚ್ಚುತ್ತಾರೆ. ಕಿಟಕಿಯಿಂದ ತಲೆ ಹೊರಹಾಕಿದರೆ ಬಾಲ ಕಾಣುತ್ತದೆ. ಆಗ ಎಡಗನ್ನಡಿಯಲ್ಲಿ ಕಾಣುವುದು ಬರೀ ಅಂಗಳ ಮತ್ತು ಒಂದು ನಾಯಿ. ಎಡಬದಿಯ ಹಿಂಮೂಲೆ ಲೋಕದಲ್ಲಿ ಇದೆಯೋ ಇಲ್ಲವೋ ಎಂಬುದು ಪ್ರತ್ಯಕ್ಷದ ಆಚೆಯ ಮಾತು.

ಅನುಮಾನ: ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿ ಇದೆ ಎಂಬಂತೆ. ಅಂಗಳದಲ್ಲಿ ಕಾಣುವ ಹೊಗೆ ದೇವದತ್ತನ ಸೈಲೆನ್ಸರಿನದೇ ಆದ್ದರಿಂದ ಇದು ಹೆಚ್ಚು ದೂರ ಹೋಗುವುದಿಲ್ಲ. ಉಪಮಾನ: "ಹೋದ ಸಲದ ಗೋದಾಮಿನ ಹಂಗೇ ಐತಣ್ಣ." ಹಾಗೇ ಇತ್ತು, ಒಂದು ಕಂಬ ಹೆಚ್ಚಿಗೆ ಇತ್ತು.

ಶಬ್ದಪ್ರಮಾಣದಲ್ಲಿ "ಬರ್ಲಿ ಬರ್ಲಿ" ಎಂಬುದು ವಿಧಿ, "ಹೋಲ್ಡಾನ್" ಎಂಬುದು ನಿಷೇಧ. ಕಂಟೇನರಿನ ಮೈಗೆ ಎರಡು ಸಲ ಬಡಿದರೆ ವಿಧಿ, ಒಂದೇ ಸಲ ಬಡಿದರೆ ನಿಷೇಧ. ಎರಡನೆಯ ಬಡಿತ ಯಜ್ಞದತ್ತನದೋ ಕಟ್ಟೆಯದೋ ಎಂಬಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಶಬ್ದ ಪ್ರಮಾಣವಾಗಬೇಕಾದರೆ ಅದು ಆಪ್ತವಾಕ್ಯವಾಗಿರಬೇಕು. ವಾಚ್‌ಮನ್ "ಲೆಫ್ಟು ಲೆಫ್ಟು" ಎಂದಾಗ ಅದು ಯಾರ ಎಡ? ಡ್ರೈವರನ ಎಡವೋ, ಎದುರಾಗಿ ನಿಂತ ಅವನ ಎಡವೋ, ಸ್ಟೇರಿಂಗಿನ ಎಡವೋ, ಬಾಲದ ಎಡವೋ? ನಾಲ್ಕು ಅರ್ಥಗಳಿಗೂ ಅವಕಾಶವಿರುವ ವಾಕ್ಯವನ್ನು ಕಾವ್ಯದಲ್ಲಿ ಶ್ಲೇಷ ಎನ್ನುತ್ತಾರೆ. ಗೋದಾಮಿನಲ್ಲಿ ಅದರ ಹೆಸರು ಡ್ಯಾಮೇಜ್. ಹೇಳುವವನು ಒಬ್ಬನೇ ಇರಬೇಕು, ಮಿಕ್ಕವರು ಚಹಾ ಕುಡಿಯಬೇಕು. ಅಧಿಕಾರಿಗಳ ಮತಖಂಡನೆ ಇಲ್ಲಿಗೆ ಮುಗಿಯಿತು.

ಅರ್ಥಾಪತ್ತಿ: ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆ, ಆದ್ದರಿಂದ ರಾತ್ರಿ ಉಣ್ಣುತ್ತಾನೆ ಎಂಬುದು ಹಳೆಯ ಉದಾಹರಣೆ. ನಮ್ಮದು ಹೀಗೆ: ಬಂಪರ್ ಬೆಳಿಗ್ಗೆ ಸರಿಯಿತ್ತು, ಈಗ ಸೊಟ್ಟಗಿದೆ, ದೇವದತ್ತ ಎಲ್ಲಿಗೂ ತಾಗಿಸಿಲ್ಲ. ಆದ್ದರಿಂದ ಕಟ್ಟೆಯೇ ಮುಂದೆ ಬಂದಿದೆ. ಲಾರಿ ಮಾಲೀಕರು ಈ ಪ್ರಮಾಣವನ್ನು ಒಪ್ಪುವುದಿಲ್ಲ.

ಉಳಿದದ್ದು ಅನುಪಲಬ್ಧಿ, ಕಾಣದಿರುವುದರಿಂದಲೇ ತಿಳಿಯುವುದು. ಈ ಪ್ರಬಂಧ ಬರೆದದ್ದೇ ಇದಕ್ಕಾಗಿ. ಯಜ್ಞದತ್ತ ಕನ್ನಡಿಯಲ್ಲಿ ಕಾಣುತ್ತಿಲ್ಲ ಎಂದರೆ ಅವನು ಟ್ರೇಲರಿಗೂ ಕಟ್ಟೆಗೂ ನಡುವೆ ಇರಬಹುದು, ಆದ್ದರಿಂದ ಬ್ರೇಕ್. ಕೂಗು ಕೇಳುತ್ತಿದ್ದರೂ ಬ್ರೇಕ್, "ಬರ್ಲಿ" ಎಂದೇ ಕೇಳುತ್ತಿದ್ದರೂ ಬ್ರೇಕ್. ಶಬ್ದಕ್ಕೂ ಅನುಪಲಬ್ಧಿಗೂ ವಿರೋಧ ಬಂದಲ್ಲಿ ಅನುಪಲಬ್ಧಿಯೇ ಬಲವತ್ತರ. ಇಳಿದು, ಹಿಂದಕ್ಕೆ ನಡೆದು ಹೋಗಿ ನೋಡಿ ಬರುವುದಕ್ಕೆ ಬಾಡಿಗೆ ಕಡಿತವಿಲ್ಲ. ಪ್ರಾಭಾಕರ ಮೀಮಾಂಸಕರು ಅನುಪಲಬ್ಧಿಯನ್ನು ಬೇರೆಯದೇ ಪ್ರಮಾಣವೆಂದು ಒಪ್ಪುವುದಿಲ್ಲ. ಅವರ ಕೈಗೆ ಟ್ರೇಲರ್ ಕೊಡಬಾರದು.

ಇನ್ನು ಶ್ರುತಿ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 15ನೆಯ ನಿಯಮದ ಪ್ರಕಾರ ಲೈಸೆನ್ಸ್ ಬೇಡುವವನು ಇಕ್ಕಟ್ಟಾದ ಜಾಗದೊಳಕ್ಕೆ ಎಡಕ್ಕೋ ಬಲಕ್ಕೋ ರಿವರ್ಸ್‌ನಲ್ಲಿ ಹತೋಟಿಯಿಂದ, ತಕ್ಕಷ್ಟು ನಿಖರವಾಗಿ ಹೋಗಬಲ್ಲನೆಂದು ತೋರಿಸಬೇಕು. ತಕ್ಕಷ್ಟು ಎಂದರೆ ಎಷ್ಟು? ಪರೀಕ್ಷೆಯ ಮೈದಾನದಲ್ಲಿ ಅದು ಇನ್ಸ್‌ಪೆಕ್ಟರರ ಚಿತ್ತ. ಗೋದಾಮಿನಲ್ಲಿ ಕಂಟೇನರಿನ ಅಗಲ 8 ಅಡಿ, ಬಾಗಿಲು ಅದಕ್ಕಿಂತ ಇಷ್ಟೇ ಇಷ್ಟು ಹೆಚ್ಚು; ಕಟ್ಟೆಯ ಎತ್ತರ ಸುಮಾರು 4 ಅಡಿ, ಅದರ ಅಂಚಿಗೆ ಬಡಿದ ರಬ್ಬರ್ ಎಷ್ಟು ದಪ್ಪವೋ ಅಷ್ಟು ಕ್ಷಮೆ.

ಇಷ್ಟೆಲ್ಲ ಬಲ್ಲ ದೇವದತ್ತ ಈಗ ಬರುತ್ತಾನೆ. ಕಟ್ಟೆಯನ್ನು ಬಲಕ್ಕೆ ಬಿಟ್ಟುಕೊಂಡು ಮುಂದೆ ಹೋಗಿ, ಎಡಕ್ಕೆ ಕಟ್ ಮಾಡಿ, ಬಾಲ ಹೊರಳುತ್ತಲೇ ಬಿಟ್ಟು, ಬೆನ್ನು ಹತ್ತಿ, ಯಜ್ಞದತ್ತ ಕಾಣದಾದಾಗ ನಿಂತು, ಕಂಡಾಗ ಹೊರಟು, ರಬ್ಬರಿಗೆ ಹೂ ಇಟ್ಟಷ್ಟು ಮೆಲ್ಲಗೆ ತಾಗಿಸುತ್ತಾನೆ. ಇಂಜಿನ್ ಆರುತ್ತದೆ. ಯಜ್ಞದತ್ತ ಚಕ್ರಕ್ಕೆ ಕಲ್ಲು ಕೊಡುತ್ತಾನೆ. ಹಮಾಲರು ಏಳುತ್ತಾರೆ. ಕಂಟೇನರಿನ ಬಾಗಿಲು ಹೊರಕ್ಕೆ ತೆರೆಯುವಂಥದ್ದು, ಹಚ್ಚುವ ಮುಂಚೆಯೇ ತೆರೆದು ಪಕ್ಕಕ್ಕೆ ಕೊಕ್ಕೆ ಹಾಕಿರಬೇಕು ಎಂಬ ವಿಧಿವಾಕ್ಯ ಇಬ್ಬರಿಗೂ ಒಟ್ಟಿಗೇ ನೆನಪಾಗುತ್ತದೆ.

"ನೀನ್ ತೆಗ್ದಿದೀಯ ಅನ್ಕೊಂಡೆ ಕಣೋ."

"ನೀವ್ ಹೇಳ್ಲಿಲ್ವಲ್ಲಣ್ಣ."

ಇದು ವಿಧಿಲೋಪವೋ ಕರ್ತೃದೋಷವೋ ಎಂಬ ಚರ್ಚೆಗೆ ವಾಚ್‌ಮನ್ನೂ ಚಹಾದ ಹುಡುಗನೂ ಆಗಲೇ ಬಂದು ಸೇರಿದ್ದಾರೆ. ದೇವದತ್ತ ಗೇರ್ ಹಾಕಿ ಟ್ರೇಲರನ್ನು ಇಪ್ಪತ್ತು ಅಡಿ ಮುಂದಕ್ಕೆ ತೆಗೆಯುತ್ತಾನೆ. ಹಮಾಲರು ಊಟಕ್ಕೆ ಹೋಗುತ್ತಾರೆ.